ಹಗ್ಗದ ಇನ್ನೊಂದು ತುದಿ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಎರಡೂ ಒಂದಕ್ಕೊಂದು ಒದಗಿ ಬರುತ್ತವೆ ಎಂಬ ನಂಬಿಕೆ ಆ ಮಾತಿನಲ್ಲಿದೆ. ಆದರೆ ಕೋಶದಲ್ಲಿ ಓದಿದ್ದು ದೇಶದಲ್ಲಿ ಕಂಡದ್ದರ ಸವಿಯನ್ನು ಕೆಡಿಸಿದರೆ ಏನು ಮಾಡುವುದು? ಚೆಂದದ ಕಟ್ಟಡವೊಂದರ ಮುಂದೆ ನಿಂತಾಗ ಅದನ್ನು ಕಟ್ಟಿದವರ ಕ್ರೌರ್ಯ ನೆನಪಾದರೆ ಚೆಂದವನ್ನು ನೋಡಬೇಕೋ, ಕ್ರೌರ್ಯವನ್ನು ನೆನೆಯಬೇಕೋ? ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟ ನನಗೆ ಇದು ಪುಸ್ತಕದ ಪ್ರಶ್ನೆಯಾಗಿಯೇ ಇತ್ತು. ಕೊಚ್ಚಿಯ ಬೀದಿಗಳಲ್ಲಿ ಒಂದು ದಿನ ನಡೆದ ಮೇಲೆ ಅದು ನಮ್ಮ ಮನೆಯ ಪ್ರಶ್ನೆಯೂ ಆಯಿತು.

ಕನ್ಯಾಕುಮಾರಿ, ಪದ್ಮನಾಭಪುರ, ತಿರುವನಂತಪುರ ಎಲ್ಲ ಮುಗಿಸಿ ಎರ್ನಾಕುಲಂಗೆ ಬಂದಿದ್ದೆವು. ರಾತ್ರಿ ರೈಲು. ಪ್ರವಾಸದ ಕೊನೆಯ ದಿನಕ್ಕೆ ಒಂದು ವಿಶೇಷ ಗುಣವಿದೆ. ನೋಡಲೇಬೇಕಾದ ಜಾಗಗಳ ಪಟ್ಟಿ ತೀರಿರುತ್ತದೆ, ಕೈಯಲ್ಲಿ ದುಡ್ಡೂ ಹೆಚ್ಚು ಉಳಿದಿರುವುದಿಲ್ಲ, ಕಾಲು ಮಾತ್ರ ನಡೆಯಲು ಪಳಗಿರುತ್ತದೆ. ಮಂಡಿನೋವೆಂದು ನಮ್ಮವರು ರೂಮಿನಲ್ಲೇ ಉಳಿದರು. ನಾನೂ ಅವರ ಅಕ್ಕ, ಅಂದರೆ ನನ್ನ ಅತ್ತಿಗೆಯೂ ದೋಣಿ ಹತ್ತಿ ಫೋರ್ಟ್ ಕೊಚ್ಚಿಗೆ ಹೊರಟೆವು. ಅತ್ತಿಗೆಗೆ ಅರವತ್ತೇಳು. ನಡಿಗೆಯಲ್ಲಿ ನನಗಿಂತ ಗಟ್ಟಿ, ಮಾತಿನಲ್ಲಂತೂ ಕೇಳುವುದೇ ಬೇಡ.

ದಡದಲ್ಲಿ ಮೊದಲು ಕಂಡದ್ದು ಚೀನೀ ಬಲೆಗಳು. ತೇಗದ ತೊಲೆ, ಬೊಂಬುಗಳ ಚೌಕಟ್ಟಿಗೆ ಕಟ್ಟಿದ ಬಲೆ ನೀರಿಗೆ ಬಾಗುತ್ತದೆ. ಈಚೆ ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ಭಾರದ ಕಲ್ಲುಗಳು. ನಾಲ್ಕೈದು ಜನ ಸೇರಿ ಹಗ್ಗ ಎಳೆದಾಗ ಕಲ್ಲು ಕೆಳಗಿಳಿದು ಬಲೆ ಮೇಲೇಳುತ್ತದೆ. ಏತದ ಲೆಕ್ಕಾಚಾರವೇ. ಮೇಲೆದ್ದ ಬಲೆಯ ನಡುವೆ ಒಂದು ಹಿಡಿಯಷ್ಟು ಮೀನು ಹೊಳೆಯಿತು. "ಇಷ್ಟು ದೊಡ್ಡ ತಕ್ಕಡಿ, ತೂಗಿದ್ದು ಇಷ್ಟೇನಾ!" ಎಂದರು ಅತ್ತಿಗೆ, ಜೀವಮಾನದಲ್ಲಿ ಮೀನು ಮುಟ್ಟದವರು. ಸುತ್ತ ನಿಂತವರೆಲ್ಲ ಫೋಟೋ ತೆಗೆಯುತ್ತಿದ್ದರು. ಹಗ್ಗ ಎಳೆಯುವವರ ಬೆನ್ನಿನ ಬೆವರು ಚಿತ್ರದಲ್ಲಿ ಚೆನ್ನಾಗಿ ಬರುತ್ತದೆ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಸೇಂಟ್ ಫ್ರಾನ್ಸಿಸ್ ಚರ್ಚು. 1503ರಲ್ಲಿ ಪೋರ್ಚುಗೀಸರು ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಎಬ್ಬಿಸಿದ್ದು. 1663ರಲ್ಲಿ ಡಚ್ಚರ ಕೈಗೆ, 1795ರಲ್ಲಿ ಊರಿನ ಜೊತೆಗೆ ಇಂಗ್ಲಿಷರ ಕೈಗೆ ಹೋಯಿತು. ಒಳಗೆ ತಂಪು, ಬೆಳಕು ಹದವಾಗಿದೆ, ಅನವಶ್ಯಕವಾದ ಒಂದು ಗೆರೆಯೂ ಇಲ್ಲ. ನೆಲದಲ್ಲಿ ಸರಳು ಹಾಕಿ ಕಾಪಾಡಿದ ಒಂದು ಕಲ್ಲು: 1524ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದು ಅಲ್ಲಿ. ಸುಮಾರು ಹದಿನಾಲ್ಕು ವರ್ಷಗಳ ಬಳಿಕ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಈಗ ಗೋರಿಯೊಳಗೆ ಯಾರೂ ಇಲ್ಲ, ಹೆಸರು ಮಾತ್ರ ಉಳಿದಿದೆ.

ಈ ಹೆಸರು ತರಗತಿಯಲ್ಲಿ ಬಂದಾಗಲೆಲ್ಲ ಯಾವನಾದರೊಬ್ಬ ಹುಡುಗ ಕೇಳುತ್ತಿದ್ದ: "ಟೀಚರ್, ಅರಬರು ಮೊದಲೇ ಬರ್ತಿದ್ರಲ್ಲ, ಮತ್ತೆ ಇವನು ಕಂಡುಹಿಡಿದಿದ್ದೇನು?" ಒಳ್ಳೆಯ ಪ್ರಶ್ನೆ. ಆದರೆ ಅದಕ್ಕಿಂತ ಕಠಿಣವಾದದ್ದು ಪಠ್ಯಪುಸ್ತಕದಲ್ಲಿ ಇರುವುದಿಲ್ಲ. 1502ರಲ್ಲಿ ಎರಡನೆಯ ಸಲ ಬಂದಾಗ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಈತ ಮಲಬಾರಿನ ಕರಾವಳಿಯ ಆಚೆ ತಡೆದು, ಇದ್ದ ಹೊನ್ನನ್ನೆಲ್ಲ ತೆಗೆದುಕೊಂಡು, ನೂರಾರು ಜನರ ಸಮೇತ ಸುಡಿಸಿದ. ಹೆಂಗಸರು ಒಡವೆಗಳನ್ನೂ ಕಂಕುಳ ಕೂಸುಗಳನ್ನೂ ಎತ್ತಿ ತೋರಿಸಿ ಪ್ರಾಣಭಿಕ್ಷೆ ಬೇಡಿದ್ದನ್ನು ಬರೆದಿಟ್ಟವನು ಶತ್ರುವಲ್ಲ, ಅವನದೇ ನೌಕಾಪಡೆಯಲ್ಲಿದ್ದ ಪೋರ್ಚುಗೀಸ. ಅದೇ ಯಾನದಲ್ಲಿ ನಮ್ಮ ಹೊನ್ನಾವರ, ಭಟ್ಕಳದ ಕರಾವಳಿಗೂ ಆ ಹಡಗುಗಳು ಬಂದಿದ್ದವು.

ಇದು ನೆನಪಾಗಿ ನಾನು ತಲೆ ಎತ್ತಿದೆ. ಛಾವಣಿಯಿಂದ ಬಟ್ಟೆಯ ಉದ್ದುದ್ದ ಪಂಖಾಗಳು ತೂಗುತ್ತಿದ್ದವು. ಇಂಗ್ಲಿಷರ ಕಾಲದವು. ಅವುಗಳ ಹಗ್ಗ ಗೋಡೆ ದಾಟಿ ಹೊರಗೆ ಹೋಗುತ್ತಿತ್ತು. ಒಳಗಿನವರು ತಣ್ಣಗೆ ಕುಳಿತು ಪ್ರಾರ್ಥನೆ ಮಾಡಲೆಂದು ಹೊರಗೆ ಬಿಸಿಲಿನಲ್ಲಿ ಕುಳಿತು ಆ ಹಗ್ಗ ಎಳೆಯುತ್ತಿದ್ದವರು ಊರಿನ ಬಡವರು. ಗೋರಿಯಲ್ಲಿ ಇಲ್ಲದವನ ಹೆಸರು ನೆಲದ ಮೇಲಿದೆ. ದಿನವಿಡೀ ಇಲ್ಲೇ ಇದ್ದವರ ಹೆಸರು ಎಲ್ಲಿಯೂ ಇಲ್ಲ.

ಹೊರಗೆ ಬಂದು ದೊಡ್ಡ ಮಳೆಮರವೊಂದರ ನೆರಳಿನಲ್ಲಿ ಕುಳಿತಾಗ ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಅವರು ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಅಂದರು: "ನೋಡು, ಹೀಗೆ ಎಲ್ಲಾ ಕಡೆ ರಕ್ತ ಹುಡುಕ್ತಾ ಹೋದ್ರೆ ಉಂಡ ಅನ್ನಾನೂ ಇಳಿಯಲ್ಲ. ಯಾವ ಕಟ್ಟಡ ತಾನಾಗಿ ಎದ್ದಿದೆ ಹೇಳು? ನೋಡೋಕೆ ಬಂದಿದೀವಿ, ನೋಡ್ಕೊಂಡು ಹೋಗೋಣ."

ಅತ್ತಿಗೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಯಾರ ಶ್ರಮವೂ ಇಲ್ಲದ ಗೋಡೆ ಲೋಕದಲ್ಲಿಲ್ಲ ಎಂಬುದು ನಿಜ. ಆದರೆ ಎಲ್ಲ ಕಡೆಯೂ ಇದೆ ಎನ್ನುವುದು ಎಲ್ಲಿಯೂ ಇಲ್ಲ ಎಂದು ಮುಗಿಸಲು ಒಳ್ಳೆಯ ಉಪಾಯ. ಕೂಲಿ ಪಡೆದು ಹರಿಸಿದ ಬೆವರು ಬೇರೆ, ಬೇಡ ಎನ್ನಲಾಗದೆ ಹರಿಸಿದ ಬೆವರು ಬೇರೆ, ರಕ್ತವಂತೂ ಇನ್ನೂ ಬೇರೆ. ಮೂರನ್ನೂ ಒಂದೇ ಪಾತ್ರೆಗೆ ಸುರಿದರೆ ಯಾವುದರ ಲೆಕ್ಕವೂ ಉಳಿಯುವುದಿಲ್ಲ. ಅದೆಲ್ಲ ಹಳೆಯ ಕಾಲದ್ದು, ಕಾಲವೇ ತೊಳೆದಿದೆ ಎನ್ನುವವರೂ ಇದ್ದಾರೆ. ಎಷ್ಟು ವರ್ಷಕ್ಕೆ ತೊಳೆದು ಹೋಗುತ್ತದೆ? ಐನೂರಕ್ಕೆ ಹೋಗುವುದಾದರೆ ತೊಂಬತ್ತಕ್ಕೂ ಹೋಗುತ್ತದೆಯೆ?

ತೊಂಬತ್ತು ಎಂದದ್ದು ಸುಮ್ಮನೆ ಅಲ್ಲ. ಸಾಗರದ ಕಡೆ ನಮ್ಮ ಹಿರಿಯರ ಮನೆಗೆ ಹತ್ತಿರ ಹತ್ತಿರ ಅಷ್ಟು ವಯಸ್ಸು. ನಮ್ಮವರ ಅಜ್ಜ ಕಟ್ಟಿಸಿದ್ದು. ಹಲಸಿನ ಮರದ ಕೆತ್ತನೆಯ ಕಂಬಗಳು, ದೊಡ್ಡ ಜಗಲಿ, ಹೆಬ್ಬಾಗಿಲು. ಬಂದವರೆಲ್ಲ ಕಂಬ ಸವರಿ ಹೊಗಳಿ ಹೋಗುವಂಥ ಮನೆ. ಅತ್ತಿಗೆ ಹುಟ್ಟಿ ಬೆಳೆದದ್ದು ಅಲ್ಲಿಯೇ. ಆ ಮನೆಯ ಮೇಲೆ ಅವರಿಗೆ ಪ್ರಾಣ. ಈಗ ನನ್ನ ಮೈದುನನ ಮಗ ಅದನ್ನು ಹೋಮ್‌ಸ್ಟೇ ಮಾಡುತ್ತಿದ್ದಾನೆ. "ದೊಡ್ಡಮ್ಮ, ಮನೆಯ ಇತಿಹಾಸ ಒಂದು ಪುಟ ಬರೆದುಕೊಡಿ, ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕ್ತೀನಿ" ಎಂದು ಪ್ರವಾಸಕ್ಕೆ ಹೊರಡುವ ಮುಂಚೆಯೇ ಕೇಳಿದ್ದ. ಆ ಕಂಬಗಳನ್ನು ಕಾಡಿನಿಂದ ಹೊತ್ತು ತಂದವರು ಜಗಲಿ ಹತ್ತುವಂತಿರಲಿಲ್ಲ, ಅಂಗಳದಲ್ಲಿ ಬೊಗಸೆಯೊಡ್ಡಿ ನೀರು ಕುಡಿದರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಚ್ಚಿಟ್ಟಿಲ್ಲ, ಯಾರೂ ಹೇಳುವುದೂ ಇಲ್ಲ. ಚರ್ಚಿನ ಹಗ್ಗವನ್ನು ನೋಡಿದ ಕಣ್ಣು ನಮ್ಮ ಅಂಗಳವನ್ನು ನೋಡದೆ ಇರಲು ಹೇಗೆ ಸಾಧ್ಯ? ಪರರ ಮನೆಯ ನ್ಯಾಯ ಹೇಳುವುದು ಸುಲಭ. ಅದೇ ತಕ್ಕಡಿಯಲ್ಲಿ ನಮ್ಮದನ್ನು ಇಟ್ಟಾಗಲೇ ತೂಕ ತಿಳಿಯುವುದು.

ಮಟ್ಟಾಂಚೇರಿಗೆ ಬಜಾರ್ ರಸ್ತೆಯಲ್ಲಿ ನಡೆದೇ ಹೋದೆವು. ಎರಡು ಕಡೆಯೂ ಹಳೆಯ ಉಗ್ರಾಣಗಳು, ಒಣಶುಂಠಿ, ಕಾಳುಮೆಣಸಿನ ಘಾಟು. ಅತ್ತಿಗೆ ನಿಂತು ಮೂಗರಳಿಸಿದರು. "ನಮ್ಮನೆ ಅಟ್ಟದ ವಾಸನೆ!" ನಿಜ, ನಮ್ಮ ತೋಟದಲ್ಲಿಯೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ. ಪೋರ್ಚುಗೀಸರು ಲೋಕ ಸುತ್ತಿ ಬಂದದ್ದು ಈ ಕರೀ ಕಾಳಿಗಾಗಿ. ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದೇ ಕರೆದರು. ಕೊಚ್ಚಿ ದೂರದ ಊರೆಂದು ಬೆಳಿಗ್ಗೆ ಅನಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಗನಿಸಲಿಲ್ಲ.

ಕೊನೆಗೆ ಯಹೂದಿಗಳ ಬೀದಿ, ಅದರ ತುದಿಯಲ್ಲಿ ಪರದೇಶಿ ಸಿನಗಾಗ್. 1568ರಲ್ಲಿ ಕಟ್ಟಿದ್ದು. ಯುರೋಪಿನಲ್ಲಿ ಮತದ ಕಾರಣಕ್ಕೆ ಹಿಂಸೆಪಟ್ಟು ದಿಕ್ಕುಗೆಟ್ಟು ಬಂದವರಿಗೆ ಕೊಚ್ಚಿಯ ಅರಸರು ತಮ್ಮ ಅರಮನೆಯ ದೇವಸ್ಥಾನದ ಮಗ್ಗುಲಲ್ಲೇ ಜಾಗ ಕೊಟ್ಟರು. ನಮ್ಮ ದೇಶದ ಬಗ್ಗೆ ಅಭಿಮಾನ ಹುಟ್ಟಿಸುವ ಕಥೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಲಿಗೆ ಚೀನಾದಿಂದ ಬಂದ ನೀಲಿ ಚಿತ್ರದ ಬಿಲ್ಲೆಗಳು, ತಲೆಯ ಮೇಲೆ ಬಣ್ಣಬಣ್ಣದ ಗಾಜಿನ ದೀಪಗಳು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಉಳಿದವರು ಬೆರಳೆಣಿಕೆಯಷ್ಟು. ದೀಪಗಳಿವೆ, ಅವುಗಳ ಕೆಳಗೆ ಕೂರುವವರಿಲ್ಲ.

ಆದರೆ ಈ ಕಥೆಗೂ ಒಂದು ಅಂಗಳವಿದೆ. ಆಶ್ರಯ ಪಡೆದು ಬಂದವರೇ, ತಮ್ಮ ಮನೆಗಳಲ್ಲಿ ಗುಲಾಮರಾಗಿದ್ದು ಬಿಡುಗಡೆ ಪಡೆದವರ ಸಂತತಿಯನ್ನು ತಮ್ಮ ಸಮಾನವಾಗಿ ಕೂರಿಸಲಿಲ್ಲ. ದೇವರು ಒಬ್ಬನೇ, ಗ್ರಂಥ ಒಂದೇ, ಆದರೂ ಅವರ ಜಾಗ ಬೆಂಚಿನ ಮೇಲಲ್ಲ. ಆ ಜನರಲ್ಲಿ ಹುಟ್ಟಿದವರು ಅಬ್ರಹಾಂ ಬರಾಕ್ ಸೇಲಂ (1882–1967). ಓದಿ ವಕೀಲರಾದರು, ಕೊಚ್ಚಿ ಸಂಸ್ಥಾನದ ಶಾಸನ ಸಭೆಯಲ್ಲಿ ಕುಳಿತರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದರು. ತಮ್ಮದೇ ಸಿನಗಾಗಿನಲ್ಲಿ ಸಮಾನತೆಗಾಗಿ ಗಾಂಧಿಯವರ ದಾರಿಯಲ್ಲಿ ಸತ್ಯಾಗ್ರಹ ಹೂಡಿದರು. ವರ್ಷಗಳ ಮೇಲೆ ಆ ಕಟ್ಟುಪಾಡುಗಳು ಒಂದೊಂದಾಗಿ ಸಡಿಲಿದವು. ಇತರರು ಇಸ್ರೇಲಿಗೆ ಹೋಗಲು ನೆರವಾದ ಈ ಮನುಷ್ಯ ತಾವು ಮಾತ್ರ ಕೊಚ್ಚಿಯಲ್ಲೇ ಉಳಿದು ಇಲ್ಲಿಯೇ ತೀರಿಕೊಂಡರು.

ನನ್ನ ಪ್ರಶ್ನೆಗೆ ಉತ್ತರದಂಥದ್ದು ದೊರೆತಿದ್ದರೆ ಅದು ಇಲ್ಲಿಯೇ. ಸೇಲಂ ಆ ಕಟ್ಟಡದ ಕಡೆ ಬೆನ್ನು ತಿರುಗಿಸಲಿಲ್ಲ. ಅದು ಕೆಟ್ಟದ್ದು, ಅದರ ದೀಪ ನನಗೆ ಬೇಡ ಎನ್ನಲಿಲ್ಲ. ಅದು ನನ್ನದೂ ಹೌದು ಎಂದರು. ಅನ್ಯಾಯಕ್ಕೆ ಒಳಗಾದವರೇ ಚೆಂದವನ್ನು ಬಿಟ್ಟುಕೊಡದಿರುವಾಗ, ಅವರ ಹೆಸರಿನಲ್ಲಿ ನಾನು ಕಣ್ಣು ಮುಚ್ಚಿಕೊಂಡರೆ ಯಾರಿಗೆ ಉಪಕಾರ? ಆ ಬಿಲ್ಲೆಗಳನ್ನು ಗುಡಿಸಿ ಒರೆಸಿದವರೂ, ಪಂಖಾದ ಹಗ್ಗ ಎಳೆದವರೂ ಆ ಚೆಂದದ ಪಾಲುದಾರರೇ. ನೋಡುವುದಿಲ್ಲ ಎನ್ನುವುದು ಅವರ ಪಾಲನ್ನೂ ಸೇರಿಸಿ ಎಸೆದಂತೆ. ಬರೀ ಚೆಂದವನ್ನು ಹೊಗಳಿ ಬರುವುದು ಅವರ ಪಾಲನ್ನು ಇನ್ನೊಮ್ಮೆ ಕಿತ್ತುಕೊಂಡಂತೆ. ಹಾಗಾದರೆ ನೋಡಬೇಕು, ಆದರೆ ಹಗ್ಗದ ಇನ್ನೊಂದು ತುದಿಯವರೆಗೂ ನೋಡಬೇಕು. ಇದು ಸಂತೋಷವನ್ನು ಕಡಿಮೆ ಮಾಡುತ್ತದೆಯೆ? ಕೊಂಚ ಮಾಡುತ್ತದೆ. ಬೆಲೆ ಕೊಡದ ಸಂತೋಷ ಅಷ್ಟು ಹಗುರವಾಗಿದ್ದದ್ದೇ ಅನುಮಾನದ ವಿಷಯ.

ಇಷ್ಟರಿಂದ ಸತ್ತವರಿಗೆ ನ್ಯಾಯ ಸಿಗುವುದಿಲ್ಲವೆಂದು ನೀವು ಹೇಳಬಹುದು. ಸಿಗುವುದಿಲ್ಲ. ಸುಟ್ಟ ಹಡಗು ಮರಳಿ ಬರುವುದಿಲ್ಲ, ಬೊಗಸೆಯೊಡ್ಡಿದವನನ್ನು ಜಗಲಿಗೆ ಕರೆಯಲು ಈಗ ಅವನಿಲ್ಲ. ಆದರೆ ಮರೆವು ಎಂಬುದು ಹಳೆಯ ಅನ್ಯಾಯದ ಕೊನೆಯ ಕಂತು. ಅದನ್ನು ಕಟ್ಟುವುದು ಬಿಡುವುದು ಬದುಕಿರುವ ನಮ್ಮ ಕೈಯಲ್ಲಿದೆ. ಅವರ ಮೊಮ್ಮಕ್ಕಳು ನಮ್ಮ ಊರಿನಲ್ಲೇ ಇದ್ದಾರೆ, ನಾನು ಪಾಠ ಹೇಳಿದ ಶಾಲೆಯಲ್ಲೇ ಓದಿದ್ದಾರೆ. ಜಗಲಿಯ ಮೇಲಿನ ಆ ಪುಟವನ್ನು ಅವರೂ ಓದುತ್ತಾರೆ.

ವಾಪಸಾಗುವ ದೋಣಿಯಲ್ಲಿ ಅತ್ತಿಗೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಾನು ಕೇಳದಿದ್ದರೂ, ಒಬ್ಬ ಹೆಂಗಸಿನ ಹೆಸರು ಹೇಳಿದರು. ಕೊನೆಗೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಲಾಟೀನಿನ ಬೆಳಕಿನಲ್ಲಿ ಅಡಿಕೆ ಸುಲಿದು ಅಂಗಳದಲ್ಲೇ ಗೋಣಿ ಹಾಸಿ ಮಲಗುತ್ತಿದ್ದವಳಂತೆ. "ನಂಗೆ ಹಾಡು ಹೇಳಿಕೊಟ್ಟವಳು ಅವಳು. ಒಳಗೆ ಮಾತ್ರ ಒಂದಿನಾನೂ ಬಂದಿರಲಿಲ್ಲ." ಮತ್ತೆ ಸ್ವಲ್ಪ ಬಿಟ್ಟು, "ಆದ್ರೂ ಬರುವ ಅತಿಥಿಗಳಿಗೆ ಇದೆಲ್ಲ ಯಾಕೆ ಹೇಳ್ಬೇಕು ಅಂತ ನಂಗಿನ್ನೂ ಅರ್ಥ ಆಗಿಲ್ಲ" ಎಂದರು.

ಊರಿಗೆ ಬಂದು ಆ ಪುಟ ಬರೆದೆ. ಕಟ್ಟಿಸಿದವರ ಹೆಸರಿದೆ, ಕಂಬದ ಕೆತ್ತನೆಯ ವಿವರವಿದೆ. ಮರ ಹೊತ್ತವರು ಯಾವ ಕೇರಿಯಿಂದ ಬಂದರು, ಎಲ್ಲಿ ನಿಂತು ನೀರು ಕುಡಿದರು ಎಂಬುದೂ, ಅತ್ತಿಗೆ ಹೇಳಿದ ಹೆಸರೂ ಇದೆ. ಆ ಹೆಸರು ಬರೆಯಬಹುದೆ ಎಂದು ಅವಳ ಮಗನ ಮನೆಗೆ ಹೋಗಿ ಕೇಳಿಕೊಂಡು ಬಂದೆ. "ಅತಿಥಿಗಳು ಆರಾಮಾಗಿರೋಕೆ ಬರೋದು ದೊಡ್ಡಮ್ಮ" ಎಂದು ಹುಡುಗ ತಲೆ ಕೆರೆದುಕೊಂಡ. ಆರಾಮಾಗಿರಲಿ, ಯಾರು ಬೇಡವೆಂದರು? ಕಂಬಕ್ಕೆ ಒರಗಿ ಕೂತವರು ಕಂಬ ಬಂದ ದಾರಿಯನ್ನು ಓದಿದರೆ ಅದು ಉರುಳಿ ಬೀಳುವುದಿಲ್ಲ.