ತಂದೆ ಹೊತ್ತ ಹರಕೆ, ಮಗಳು ತೀರಿಸಿದ್ದು

ಬುಡಾಪೆಸ್ಟ್ ನಗರದ ನಡುವೆ, ಡ್ಯಾನ್ಯೂಬ್ ಎರಡಾಗಿ ಕವಲೊಡೆಯುವಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಮಾರ್ಗರೆಟ್ ದ್ವೀಪವಿದೆ. ಬೆಳಗಾದರೆ ಓಟಗಾರರು, ಸಂಜೆಯಾದರೆ ಸಂಗೀತ ಕಾರಂಜಿಯ ಸುತ್ತ ಜನ. ಉದ್ಯಾನದ ಮರಗಳ ನಡುವೆ ಹಳೆಯ ಮಠವೊಂದರ ಗೋಡೆಗಳೂ ಮೊಂಡಾಗಿ ನಿಂತಿವೆ. ದ್ವೀಪದ ಹೆಸರು ಆ ಮಠದಲ್ಲಿ ಬಾಳಿದ ರಾಜಕುಮಾರಿಯದು. ಅವಳನ್ನು ಅಲ್ಲಿಗೆ ತಂದದ್ದು ಒಂದು ಹರಕೆ.

1241ರಲ್ಲಿ ಮೋಹಿ ಕದನದಲ್ಲಿ ಮಂಗೋಲರಿಗೆ ಸೋತ ಹಂಗೆರಿಯ ದೊರೆ ನಾಲ್ಕನೇ ಬೇಲಾ ಕಡಲತೀರಕ್ಕೆ ಓಡಿಹೋದ. ರಾಜ್ಯ ಉಳಿದರೆ ಹುಟ್ಟುವ ಮಗುವನ್ನು ದೇವರಿಗೆ ಒಪ್ಪಿಸುವುದಾಗಿ ಗಂಡ ಹೆಂಡತಿ ಹರಕೆ ಹೊತ್ತರು. 1242ರಲ್ಲಿ ಮಾರ್ಗರೆಟ್ ಹುಟ್ಟಿದಳು, ಮಂಗೋಲರೂ ಹಿಂದಿರುಗಿದರು. ಎಳವೆಯಲ್ಲೇ ವೆಸ್ಪ್ರೇಮಿನ ಡೊಮಿನಿಕನ್ ಮಠ ಸೇರಿದ ಕೂಸು, ಹತ್ತರ ಹೊತ್ತಿಗೆ ತಂದೆ ಈ ದ್ವೀಪದಲ್ಲಿ ಕಟ್ಟಿಸಿದ ಮಠಕ್ಕೆ ಬಂತು.

ಹೆತ್ತ ಮಾತ್ರಕ್ಕೆ ಮಗುವಿನ ಬದುಕನ್ನು ಹರಕೆಗೆ ಕೊಡಬಹುದೇ?

ಐತರೇಯ ಬ್ರಾಹ್ಮಣದಲ್ಲಿ ಹರಿಶ್ಚಂದ್ರನದೂ ಇದೇ ಪಾಡು. ಹುಟ್ಟುವ ಮಗನನ್ನು ವರುಣನಿಗೇ ಬಲಿ ಕೊಡುವುದಾಗಿ ಮಾತು ಕೊಟ್ಟು ಅವನು ಮಗನನ್ನು ಪಡೆದ. ಆದರೆ ಆ ಮಗ ರೋಹಿತ ಬಿಲ್ಲು ಹಿಡಿದು ಕಾಡಿಗೆ ಹೊರಟುಬಿಟ್ಟ. ಮಾರ್ಗರೆಟ್ ನಡೆದದ್ದು ಇದಕ್ಕೆ ತೀರಾ ತಿರುಗುಮುರುಗು. ಬೊಹೀಮಿಯದ ದೊರೆ ಒಟೊಕರನೊಡನೆ ನಂಟು ಬೆಳೆಸಬೇಕಾದಾಗ ಹರಕೆ ಕೈಬಿಡಲು ಹೊರಟವನು ತಂದೆಯೇ. ಮಗಳು ಒಪ್ಪಲಿಲ್ಲ. ಮದುವೆಗಿಂತ ಮೂಗು ತುಟಿ ಕೊಯ್ದುಕೊಳ್ಳುವುದೇ ಲೇಸು ಎಂದಳಂತೆ. 1261ರಲ್ಲಿ ಎಲ್ಲರೆದುರು ಸನ್ಯಾಸಿನಿಯ ಮುಸುಕು ತೊಟ್ಟು ಮಾತು ಮುಗಿಸಿದಳು.

ಇದನ್ನು ಸ್ವತಂತ್ರ ನಿರ್ಧಾರ ಎನ್ನುವುದು ಸುಲಭವಲ್ಲ. ಮಠದ ಹೊರಗೆ ಬಾಳಿಯೇ ಗೊತ್ತಿಲ್ಲದವಳ ಮುಂದಿದ್ದ ಎರಡು ದಾರಿಗಳೂ ತಂದೆಯ ಲೆಕ್ಕಾಚಾರಗಳೇ: ಒಂದು ದೇವರೊಡನೆ, ಇನ್ನೊಂದು ಬೊಹೀಮಿಯದೊಡನೆ. ಅವಳದೇ ಎನ್ನಬಹುದಾದದ್ದು ಮಠದ ಒಳಗಿನ ಬದುಕು. ಅರಸುಮಗಳು ಅಡುಗೆಮನೆಯ ಪಾತ್ರೆ ತಿಕ್ಕಿದಳು, ಚಳಿಗೆ ಅಂಗೈ ಒಡೆದರೂ ಕೆಲಸ ಬಿಡಲಿಲ್ಲ, ಬೇರೆಯವರು ಹೇಸುವ ರೋಗಿಗಳ ಮೈ ತೊಳೆದಳು. ಕಠಿಣ ಉಪವಾಸಗಳಿಂದ ದೇಹವನ್ನು ದಂಡಿಸಿ 1270ರಲ್ಲಿ, ಇನ್ನೂ ಇಪ್ಪತ್ತೇಳರ ಪ್ರಾಯದಲ್ಲಿ, ತೀರಿಕೊಂಡಳು.

16ನೇ ಶತಮಾನದಲ್ಲಿ ತುರ್ಕರಿಗೆ ಹೆದರಿ ಸನ್ಯಾಸಿನಿಯರು ದ್ವೀಪ ಬಿಟ್ಟರು, ಮಠ ಹಾಳುಬಿತ್ತು. ಮುಂದೆ ಹ್ಯಾಬ್ಸ್‌ಬರ್ಗ್ ಮನೆತನದ ಜೋಸೆಫ್ ಅಲ್ಲಿ ತೋಟ ಬೆಳೆಸಿದ. 1908ರಲ್ಲಿ ನಗರಾಡಳಿತ ದ್ವೀಪವನ್ನು ಕೊಂಡಿತು.

ಮಗಳ ಹಿರಿಮೆಯನ್ನು ತೋರಿಸಿ ತಂದೆಯ ಹರಕೆ ಸರಿಯಾಗಿತ್ತು ಎನ್ನುವವರಿದ್ದಾರೆ. ಅದು ಒಪ್ಪತಕ್ಕ ಮಾತಲ್ಲ. ಅವಳನ್ನು ಸಂತಳೆನ್ನಬಹುದೇ ಎಂದು ತಿಳಿಯಲು ನಡೆದ 1276ರ ವಿಚಾರಣೆಯಲ್ಲಿ ನೂರಕ್ಕೂ ಹೆಚ್ಚು ಸಾಕ್ಷಿಗಳು ಹೇಳಿದ್ದು ಅವಳ ನಡತೆಯನ್ನು. 1943ರಲ್ಲಿ ಪೋಪ್ ಹನ್ನೆರಡನೇ ಪಯಸ್ ಸಂತಳೆಂದು ಸಾರಿದ್ದು ಮಾರ್ಗರೆಟಳನ್ನು, ಬೇಲಾನ ಹರಕೆಯನ್ನಲ್ಲ.