ಕಪಿಂಜಲನ ಸ್ನೇಹ

‘ಕಾದಂಬರಿ’ ಎಂಬ ಮಾತು ನಮಗೆ ಬಂದದ್ದು 7ನೆಯ ಶತಮಾನದ ಬಾಣನ ಅದ್ಭುತ ಕಥೆಯಿಂದ. ಆತನಿಗೆ ಆಶ್ರಯವಿತ್ತ ಹರ್ಷನ ಮನೆತನದ ಥಾಣೇಸರ ದೆಹಲಿಯಿಂದ ಕೆಲವೇ ಗಂಟೆಗಳ ದಾರಿ. ಕಥೆಯನ್ನು ಕನ್ನಡಕ್ಕೆ ತಂದವನು ನಾಗವರ್ಮ. ಮಾತನಾಡುವ ಗಿಳಿ, ಶಾಪ, ಮರುಜನ್ಮ ಎಲ್ಲವೂ ಅದರಲ್ಲುಂಟು.

ಅದರ ಪ್ರೇಮಿಗಳನ್ನು ಎಲ್ಲರೂ ಕೊಂಡಾಡುತ್ತಾರೆ. ನನಗೆ ಕಪಿಂಜಲನ ಸ್ನೇಹವೇ ಹೆಚ್ಚೆನಿಸುತ್ತದೆ. ತಪಸ್ವಿ ಗೆಳೆಯ ಪುಂಡರೀಕ, ಮಹಾಶ್ವೇತೆಯನ್ನು ಕಂಡು ಮೈಮರೆತಾಗ ಕಪಿಂಜಲ ಮೊದಲು ಛೀಮಾರಿ ಹಾಕುತ್ತಾನೆ. ಬುದ್ಧಿವಾದ ನಾಟದು, ಪ್ರಾಣವೇ ಹೋದೀತು ಎಂದು ತಿಳಿದ ಮೇಲೆ, ತಾನು ತಪ್ಪೆಂದ ಕೆಲಸಕ್ಕೇ ನಾಚಿಕೆ ಬಿಟ್ಟು ಅವಳ ಬಾಗಿಲಿಗೆ ಹೋಗುತ್ತಾನೆ. ಇದು ಸರಿಯೇ? (ನನ್ನಂಥ ಗುಮಾಸ್ತನಾದರೆ ನಿಯಮದ ಪುಸ್ತಕ ತೆರೆಯುತ್ತಿದ್ದನೇನೋ!) ಸರಿಯೆಂದೇ ನನ್ನ ಮತ. ಏಕೆಂದರೆ ಅವನು ತಪ್ಪನ್ನು ಒಪ್ಪೆಂದು ಹೇಳಲಿಲ್ಲ. ಒಪ್ಪದೆಯೂ ಗೆಳೆಯನ ಕೈಬಿಡಲಿಲ್ಲ.

ಅವಳು ಬರುವಷ್ಟರಲ್ಲಿ ಪುಂಡರೀಕ ತೀರಿಕೊಂಡಿದ್ದ. ಶವವನ್ನು ದಿವ್ಯಪುರುಷನೊಬ್ಬ ಆಕಾಶಕ್ಕೆ ಒಯ್ದಾಗ ಬೆನ್ನಟ್ಟಿದ ಕಪಿಂಜಲ, ಅವಸರದಲ್ಲಿ ವೈಮಾನಿಕನೊಬ್ಬನನ್ನು ದಾಟಿ, ಅವನ ಶಾಪದಿಂದ ಕುದುರೆಯಾದ. ಅದ್ಭುತ ಕಥೆಯ ಅನುಕೂಲವೇ ಇದು: ಸಂಸಾರದಲ್ಲಿ ಯಾರ ಕಣ್ಣಿಗೂ ಬೀಳದೆ ತೆರುವ ಬೆಲೆ ಇಲ್ಲಿ ನಾಲ್ಕು ಕಾಲಿನ ಮೇಲೆ ನಿಂತು ಕಾಣುತ್ತದೆ.

ನಮ್ಮ ಹುಡುಗ ಪಂಜಾಬಿ ಹುಡುಗಿಯನ್ನು ಮೆಚ್ಚಿದಾಗ, ಮನೆಯಲ್ಲಿ ‘ಬೇಡ’ವೆಂದು ಜಗಳವಾಡಿದ ಸೋದರಮಾವನೇ ಕೊನೆಗೆ ಅವರ ಮನೆಗೆ ಮಾತಿಗೆ ಹೋಗುವುದನ್ನು ದೆಹಲಿಯ ನಾವು ಕಂಡಿಲ್ಲವೇ? ಮರಳಿ ಬಂದ ಮೇಲೂ ಆತನ ಅಭಿಪ್ರಾಯ ಬದಲಾಗಿರುವುದಿಲ್ಲ.