ಗುಂಡಿನ ಆಯ್ಕೆಯೂ ಅಹಿಂಸಾ ವಿಚಾರವೂ

ಬೇಟೆಗಾರನು ಕಾಡಿಗೆ ಹೊರಡುವ ಮುನ್ನ ಮಾಡುವ ಒಂದು ಆಲೋಚನೆಯು ಶ್ರಾವಕರ ಪರಿಶೀಲನೆಗೆ ಯೋಗ್ಯವಾಗಿದೆ. ಯಾವ ಪ್ರಾಣಿಗೆ ಯಾವ ಗುಂಡು ಎಂಬುದೇ ಆ ಆಲೋಚನೆ. ಜಿಂಕೆ, ಹುಲಿಗಳಿಗೆ ತುದಿಯಲ್ಲಿ ಸೀಸವು ತೆರೆದಿರುವ ಮೃದುವಾದ ಗುಂಡು. ಅದು ದೇಹವನ್ನು ಹೊಕ್ಕೊಡನೆ ಅರಳಿ, ಅಗಲವಾದ ಗಾಯಮಾಡಿ ಬೇಗನೆ ಕೆಡಹುತ್ತದೆ. ಆನೆಯ ದಪ್ಪ ಮೂಳೆಗೆ ಅದು ಸಾಲದು. ಲೋಹಕವಚವನ್ನು ಪೂರ್ತಿಯಾಗಿ ಹೊದ್ದ ಗಟ್ಟಿ ಗುಂಡು ಬೇಕು. ಆಯ್ಕೆ ತಪ್ಪಿದರೆ ಪ್ರಾಣಿಯು ಪೊದೆಯೊಳಗೆ ದಿನಗಟ್ಟಲೆ ನರಳುತ್ತದೆ. ಆದುದರಿಂದ ಸರಿಯಾದ ಗುಂಡನ್ನು ಆರಿಸುವುದೇ ದಯೆ ಎಂಬುದು ಬೇಟೆಗಾರರ ವಾದ.

ಕೋಲಾರದ ಚಿನ್ನದ ಗಣಿಗಳಿಗೆ ಬಂದೂಕು ಹೊಸತಲ್ಲ. ಅಲ್ಲಿನ ಐರೋಪ್ಯ ನೌಕರರಿಗೆ ತಮ್ಮದೇ ಆದ ಸ್ವಯಂಸೇವಕ ರೈಫಲ್ ದಳವಿದ್ದಿತು. ಶಿಕಾರಿಯು ಆ ಕಾಲದ ಸಾಮಾನ್ಯ ವಿನೋದವಾಗಿದ್ದಿತು. ಇಲ್ಲೊಂದು ವೈಚಿತ್ರ್ಯವುಂಟು. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯ ಹೆಸರನ್ನು ಹೊತ್ತ ಅರಳುವ ಗುಂಡನ್ನು, ಅದು ಅನಾವಶ್ಯಕ ಯಾತನೆ ಕೊಡುತ್ತದೆಂಬ ಕಾರಣದಿಂದ, 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ನಿಷೇಧಿಸಿತು. ಆದರೆ ಬೇಟೆಯಲ್ಲಿ ಅದೇ ಬಗೆಯ ಗುಂಡೇ ಕರುಣೆಯುಳ್ಳದ್ದೆಂದು ಎಣಿಸಲ್ಪಟ್ಟಿತು. ಮನುಷ್ಯನಿಗೆ ಕ್ರೂರವಾದುದು ಮೃಗಕ್ಕೆ ದಯೆಯಾಯಿತು! ಇದಕ್ಕೆ ಕಾರಣವು ಗುಂಡಿನಲ್ಲಿಲ್ಲ. ಗಾಯಗೊಂಡ ಸೈನಿಕನು ಬದುಕಲಿ ಎಂಬ ಆಸೆಯಿದೆ; ಗಾಯಗೊಂಡ ಮೃಗದ ವಿಷಯದಲ್ಲಿ ಅಂತಹ ಆಸೆಯೇ ಇಲ್ಲ.

ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ನರಭಕ್ಷಕಗಳನ್ನು ಕೊಂದು ಪ್ರಸಿದ್ಧರಾದವರು. ಅವರ .405 ವಿಂಚೆಸ್ಟರ್ ರೈಫಲಿನ ಗುಂಡು 300 ಗ್ರೇನ್ ತೂಕದ್ದು. ವ್ಯಾಪಾರಿಗಳ ಹಳೆಯ ಲೆಕ್ಕದಲ್ಲಿ 180 ಗ್ರೇನಿಗೆ ಒಂದು ತೊಲ. ಎಂದರೆ ಒಂದೂ ಮುಕ್ಕಾಲು ತೊಲಕ್ಕೆ ತುಸು ಕಡಿಮೆ. ಚಿನ್ನ ತೂಗುವ ಮಾನವೇ ಸಾವನ್ನೂ ತೂಗಿತು. ತಪ್ಪಿದ ಗುಂಡಿನ ಫಲಕ್ಕೆ ಜಿಮ್ ಕಾರ್ಬೆಟ್ಟರು 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ ಸಾಕ್ಷಿ. ಹಿಂದಿನ ಯಾವುದೋ ಗುಂಡೇಟಿನಿಂದ ಅದರ ಕೋರೆಹಲ್ಲುಗಳು ಮುರಿದಿದ್ದವು. ಅದು ಕೊಂದವರ ಸಂಖ್ಯೆ 436 ಎಂದು ಹೇಳಲಾಗಿದೆ.

ಹಾಗಾದರೆ ಎಚ್ಚರದಿಂದ ಆರಿಸಿದ ಗುಂಡು ಹಿಂಸೆಯನ್ನು ಕಡಿಮೆ ಮಾಡುವುದೇ? ಪ್ರಾಣಿಯ ಯಾತನೆ ಕಡಿಮೆಯಾಗುವುದು ನಿಜ. ಅದನ್ನು ಅಲ್ಲಗಳೆಯುವುದು ಹಟವಾದೀತು. ಆದರೆ ಕೊಲ್ಲುವವನ ಪರಿಣಾಮ? ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅಲ್ಲಿ ನೋವುಂಡ ಪ್ರಾಣಿಯೇ ಇರಲಿಲ್ಲ. ಆದರೂ ಸಂಕಲ್ಪಮಾತ್ರದಿಂದ ಜನ್ಮಜನ್ಮಾಂತರದ ದುಃಖ ಒದಗಿತು. ವಿನೋದದ ಬೇಟೆಗೆ ಗುಂಡನ್ನು ತೂಗಿ, ಅಳೆದು, ಮೃಗದ ಎದೆಗೂಡನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳುವವನ ಸಂಕಲ್ಪವು ಅಜಾಗರೂಕನ ಸಂಕಲ್ಪಕ್ಕಿಂತ ಪೂರ್ಣವಾದುದು. ಮೃಗಕ್ಕೆ ನೋವಾಗುತ್ತದೆಂಬುದನ್ನು ಅವನು ಚೆನ್ನಾಗಿ ಬಲ್ಲನು, ಬಲ್ಲವನಾಗಿಯೂ ಹೊರಟಿದ್ದಾನೆ.

ಕಠಿನವಾದ ಪ್ರಶ್ನೆಯು ನರಭಕ್ಷಕದ್ದು. ಒಂದನ್ನು ಕೊಂದರೆ ಹಲವರು ಉಳಿಯುವರೆಂಬ ತರ್ಕದಿಂದ ಹಿಂಸ್ರಪ್ರಾಣಿಯನ್ನು ಕೊಲ್ಲಲಾಗದೆಂದೂ, ದುಃಖದಿಂದ ಬಿಡಿಸುವ ನೆಪದಲ್ಲಿಯೂ ಕೊಲ್ಲಲಾಗದೆಂದೂ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಧಿಸಿದ್ದಾರೆ. ಗೃಹಸ್ಥನಿಗೆ ವಿರೋಧೀ ಹಿಂಸೆಯ ಪೂರ್ಣ ತ್ಯಾಗ ವಿಧಿಸಲ್ಪಟ್ಟಿಲ್ಲವೆಂಬುದೂ ನಿಜವೇ. ಮನೆಬಾಗಿಲಿಗೆ ಬಂದ ಹುಲಿಯನ್ನು ತಡೆಯುವುದಕ್ಕೂ, ಹುಲಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವುದಕ್ಕೂ ಇರುವ ದೂರವನ್ನು ಯಾವ ಗುಂಡೂ ಕಿರಿದುಮಾಡಲಾರದು.

ಇನ್ನು ಅಂಗಡಿಯವನ ಮಾತು. ಆಯುಧವನ್ನು ಒದಗಿಸುವುದು ಹಿಂಸಾದಾನ. ಇಂತಹ ಗುಂಡು ಒಳ್ಳೆಯದೆಂದು ಸಲಹೆ ಕೊಡುವುದು ಪಾಪೋಪದೇಶ. ಎರಡೂ ಅನರ್ಥದಂಡಗಳೇ. ಬಂಗಾರಪೇಟೆಯ ವರ್ತಕನಿಗೆ ಲಾಭ ಬಾರದಿದ್ದರೂ ಬಾಯಿಮಾತಿನಿಂದಲೇ ದೋಷ ಬಂದೀತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿನೋದದ ಬೇಟೆಗೆ ತೆರೆ ಎಳೆಯಿತು. ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಸಹ ಹಿಡಿಯಲು, ಮಂಪರುಗೊಳಿಸಲು ಅಥವಾ ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲವೆಂದಾದ ಮೇಲೆ ಮಾತ್ರ ಕೊಲ್ಲಲು ಅಪ್ಪಣೆ ಸಿಗಬಹುದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆ ಗಡಿಯಾಚೆಯಿಂದ ಬರುವ ಆನೆಗಳು ರೈತರ ಬೆಳೆಯನ್ನೂ ಪ್ರಾಣವನ್ನೂ ತೆಗೆದದ್ದುಂಟು. ಆ ಕುಟುಂಬಗಳ ದುಃಖವನ್ನು ಮರೆತು ಅಹಿಂಸೆಯನ್ನು ಹೇಳುವುದು ಸುಲಭ. ಪುಂಡಾನೆಯನ್ನು ಹಿಡಿಯಲು ಈಗ ಬಂದೂಕಿನಿಂದಲೇ ಅರಿವಳಿಕೆಯ ಚುಚ್ಚುಮದ್ದು ಹಾರಿಸುತ್ತಾರೆ. ಮದ್ದು ಹೆಚ್ಚಾದರೆ ಆನೆ ಸಾಯಬಹುದು, ಕಡಿಮೆಯಾದರೆ ತಿರುಗಿ ಬೀಳಬಹುದು; ಆದಕಾರಣ ಪಶುವೈದ್ಯರು ದೂರದಿಂದಲೇ ಅದರ ತೂಕವನ್ನು ಅಂದಾಜುಮಾಡಿ ಪ್ರಮಾಣವನ್ನು ಗೊತ್ತುಪಡಿಸುತ್ತಾರೆ, ಮತ್ತು ಆನೆಯನ್ನು ಮರಳಿ ಎಚ್ಚರಗೊಳಿಸುವ ಔಷಧವನ್ನೂ ಜೊತೆಗಿಟ್ಟುಕೊಂಡೇ ಹೊರಡುತ್ತಾರೆ.